ಬೋಟಿನ ನಡಿಗೆ

ಮಳೆಗಾಲ ಹಿಡಿದು ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದು ನಿಂತ ಮೇಲೆ ಹೊನ್ನಾವರದ ನಮ್ಮ ಆಸ್ಪತ್ರೆಯ ಹಿಂಬದಿಯ ವಾರ್ಡು ತುಂಬತೊಡಗುತ್ತದೆ. ಬೋಟುಗಳನ್ನು ದಡಕ್ಕೆಳೆದು ಎಂಜಿನ್ ಬಿಚ್ಚುವ, ತಳಕ್ಕೆ ಬಣ್ಣ ಬಳಿಯುವ ತಿಂಗಳುಗಳು ಅವು. ಮನುಷ್ಯರನ್ನೂ ಅದೇ ಹೊತ್ತಿಗೆ ಕರೆತರುತ್ತಾರೆ. ‘ರಜೆ ಮುಗಿಯೂದ್ರೊಳಗೆ ಕುಡಿಯೂದು ಬಿಡಿಸಿ ಕೊಡಿ’ ಎನ್ನುತ್ತಾರೆ. ವಾರ್ಡಿನಲ್ಲಿ ಯಾರನ್ನೂ ಬಿಡಿಸಲು ಆಗುವುದಿಲ್ಲ. ಕುಡಿತ ನಿಂತ ಮೊದಲ ಕೆಲವು ದಿನ ಜೀವಕ್ಕೂ ಮಿದುಳಿಗೂ ಅಪಾಯವಾಗದಂತೆ ಕಾಯುತ್ತೇವೆ, ಅಷ್ಟೇ. ಎಷ್ಟು ವಿವರಿಸಿದರೂ ಕೇಳುವವರಿಗೆ ಅದು ಅರ್ಧಂಬರ್ಧ ಕೆಲಸದಂತೆ ಕಾಣುತ್ತದೆ.

ಆ ವರ್ಷ ನನ್ನ ಜೊತೆಗಿದ್ದ ಇನ್ನೊಬ್ಬ ಡ್ಯೂಟಿ ಡಾಕ್ಟರು ಮುಂದಿನ ಓದಿಗೆಂದು ಹೊರಟುಹೋಗಿದ್ದರು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಮನೋವೈದ್ಯರು ಕುಮಟಾದಿಂದ ವಾರಕ್ಕೆರಡು ಸಲ ಬರುತ್ತಿದ್ದರು. ಉಳಿದ ದಿನ ಫೋನಿನಲ್ಲಿ ಸಿಗುತ್ತಿದ್ದರು. ನಾನೂ ಕುಮಟಾ ತಾಲೂಕಿನವಳೇ. ಬೆಳಗಿನ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತ ಬರುತ್ತಿದ್ದೆ, ಸಂಜೆ ಹಾಗೆಯೇ ಹೋಗುತ್ತಿದ್ದೆ. ಬಸ್ಸಿಳಿದು ಆಸ್ಪತ್ರೆಗೆ ಬರಲು ಒಂದು ಹಲಗೆ ದಾಟಬೇಕಿತ್ತು. ಹೆದ್ದಾರಿ ಅಗಲ ಮಾಡುವವರು ಎದುರಿಗೆ ದೊಡ್ಡ ಚರಂಡಿ ತೋಡಿ ಹಾಗೇ ಬಿಟ್ಟಿದ್ದರು. ಅದರ ಮೇಲೆ ಹಾಕಿದ ಉದ್ದನೆಯ ಹಲಗೆ ಕಾಲಿಟ್ಟರೆ ನಡುವೆ ಬಾಗಿ ತೂಗುತ್ತಿತ್ತು. ಆರೋಗ್ಯವಂತರೂ ಕೈ ಹಿಡಿಯಲು ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡು ದಾಟುತ್ತಿದ್ದರು.

ಬೆಳಕೆ ಎಂಬ ಊರಿನ ತಾಂಡೇಲರನ್ನು ಆ ಹಲಗೆಯ ಮೇಲೆ ಇಬ್ಬರು ಹಿಡಿದು ದಾಟಿಸಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ತಾಂಡೇಲ ಎಂದರೆ ಬೋಟಿನ ಮುಖ್ಯಸ್ಥ. ಚುಕ್ಕಾಣಿ ಅವರ ಕೈಯಲ್ಲಿ, ಬಲೆ ಎಲ್ಲಿ ಬಿಡಬೇಕೆಂಬ ತೀರ್ಮಾನವೂ ಅವರದೇ. ನಲವತ್ತು ದಾಟಿದ ಗಟ್ಟಿ ಮೈ, ಆದರೆ ಕೆನ್ನೆ ಒಳಹೋಗಿತ್ತು. ಜೊತೆಗೆ ಮೀನು ಮಾರುವ ಹೆಂಡತಿ, ಮತ್ತು ಅಣ್ಣ. ಮಾತು ಪೂರ್ತಿ ಅಣ್ಣನದು.

“ಬೋಟಿನ ಮಾಲೀಕ್ರು ಹೇಳಿಬಿಟ್ಟಿದಾರೆ ಡಾಕ್ಟ್ರೇ. ರಜೆ ಮುಗಿದ ದಿನ ಸಮಾ ಕಾಲ ಮೇಲೆ ನಿಂತ್ರೆ ಬೋಟು ಇವಂದು. ಇಲ್ದಿದ್ರೆ ಬೇರೆ ತಾಂಡೇಲನ್ನ ಇಡ್ತಾರಂತೆ. ಇವಂಗೆ ಬೋಟು ಬಿಟ್ರೆ ಬೇರೆ ಎಂತ ಬತ್ತದೆ ಹೇಳಿ.”

ದಾಖಲಿಸಿಕೊಳ್ಳುವಾಗ ಕೇಳುವ ಪ್ರಶ್ನೆಗಳನ್ನು ಕೇಳಿದೆ. ಕೊನೆಯ ಸಲ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಊಟ ಹೇಗಿದೆ, ಬೇರೆ ಎಲ್ಲಿಯಾದರೂ ಚಿಕಿತ್ಸೆ ಆಗಿದೆಯೇ. ಹಿಂದಿನ ರಾತ್ರಿಯವರೆಗೂ ಕುಡಿದಿದ್ದರು. ಊಟ ಬಿಟ್ಟು ವಾರದ ಮೇಲಾಗಿತ್ತು, ತಿಂದದ್ದೆಲ್ಲ ವಾಂತಿ. ಚಿಕಿತ್ಸೆಯ ಪ್ರಶ್ನೆಗೆ ಹೆಂಡತಿ “ಔಷಧ ಎಂತದೂ ಮಾಡ್ಲಿಲ್ಲ” ಎಂದರು. ನಾನು ಹಾಗೆಯೇ ಬರೆದುಕೊಂಡೆ.

ಮುಂದೆ ಏನಾಗಬಹುದೆಂದು ಅವರಿಬ್ಬರಿಗೆ ಹೇಳಿದೆ. ಮೊದಲಿಗೆ ಕೈ ನಡುಕ, ಬೆವರು, ನಿದ್ದೆ ಇಲ್ಲದಿರುವುದು. ಎರಡನೆಯ, ಮೂರನೆಯ ದಿನ ಹೆಚ್ಚು ಎಚ್ಚರ ಬೇಕು; ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಇಲ್ಲದ ಮಾತು ಕೇಳಬಹುದು. ಆಮೇಲೆ ಇಳಿಯುತ್ತದೆ. ಕೊಡುವ ಮಾತ್ರೆ ಮಲಗಿಸುವುದಕ್ಕಲ್ಲ. ವರ್ಷಗಟ್ಟಲೆ ಮದ್ಯ ಅದುಮಿ ಹಿಡಿದ ಮಿದುಳು, ಮದ್ಯ ನಿಂತೊಡನೆ ಮಿತಿಮೀರಿ ಕೆರಳುತ್ತದೆ. ಅದನ್ನು ಮೆಲ್ಲಗೆ ತಣಿಸಿ, ಆಮೇಲೆ ಮಾತ್ರೆಯನ್ನೂ ಮೆಲ್ಲಗೆ ಇಳಿಸುತ್ತೇವೆ. ಅವರ ಯಕೃತ್ತಿನ ವರದಿ ಚೆನ್ನಾಗಿರಲಿಲ್ಲ, ಆದ್ದರಿಂದ ಲೊರಾಜೆಪಾಮ್ ಬರೆದೆ. ಜೊತೆಗೆ ಥಯಾಮಿನ್ ಇಂಜೆಕ್ಷನ್. ಅದು ಬಿ-ಒಂದು ವಿಟಮಿನ್; ಕುಡಿಯುವವರ ಮೈಯಲ್ಲಿ ಇದು ಬರಿದಾಗಿರುತ್ತದೆ.

“ಬಾಟ್ಲಿ ಏರ್ಸೂದಿಲ್ವಾ?” ಅಣ್ಣ ಕೇಳಿದರು.

“ಗ್ಲೂಕೋಸ್ ಈಗ ಬೇಡ.”

“ಸುಸ್ತಾಗಿದಾನೆ ಕಾಣಿ. ಒಂದು ಬಾಟ್ಲಿ ಹಾಕಿದ್ರೆ ಎದ್ದು ಕೂತ್ಕಂಬ್ತಾನೆ.”

ನಾನು ಬೇಡವೆಂದೆ. ಆಸ್ಪತ್ರೆಯವರು ಕೊಡಬೇಕಾದದ್ದನ್ನು ಕೊಡುತ್ತಿಲ್ಲವೆಂಬ ಮುಖ ಮಾಡಿ ಅವರು ಹೊರಗೆ ಹೋದರು.

ವಾರ್ಡಿಗೆ ಒಂದು ನಿಯಮವಿತ್ತು. ಒಳಗೆ ಯಾರಾದರೂ ಮದ್ಯ ತಂದುಕೊಟ್ಟು ರೋಗಿ ಕುಡಿದದ್ದು ಗೊತ್ತಾದರೆ ಅವತ್ತೇ ಮನೆಗೆ. ಸೇರುವಾಗಲೇ ಇದನ್ನು ಎಲ್ಲರಿಗೂ ಹೇಳುತ್ತಿದ್ದೆವು. ಕಠಿಣವೆನಿಸಿದರೂ ಕಾರಣವಿತ್ತು: ಹೊಟ್ಟೆಯಲ್ಲಿ ಮದ್ಯವೂ ರಕ್ತದಲ್ಲಿ ನಮ್ಮ ಮಾತ್ರೆಯೂ ಸೇರಿದರೆ ಉಸಿರಾಟವೇ ನಿಲ್ಲಬಹುದು.

ಎರಡನೆಯ ದಿನ ತಾಂಡೇಲರು ತುಂಬ ತ್ರಾಸಪಟ್ಟರು. ಕೈ ಚಾಚಲು ಹೇಳಿದರೆ ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಕುಣಿಯುತ್ತಿದ್ದವು. ನಾಡಿ ಓಡುತ್ತಿತ್ತು, ಅಂಗಿ ತೊಯ್ದು ಬೆನ್ನಿಗಂಟಿತ್ತು. ನಡುಕ, ಬೆವರು, ದಿಗಿಲು, ವಾಕರಿಕೆ, ಭ್ರಮೆ ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸಿ, ಅದರ ಮೇಲೆ ಮಾತ್ರೆಯ ಪ್ರಮಾಣ ಗೊತ್ತುಮಾಡುವ ಕ್ರಮ ನಮ್ಮದು. ಹಿರಿಯ ಸಿಸ್ಟರ್ ಮತ್ತು ನಾನು ಸರದಿಯಲ್ಲಿ ಅದನ್ನೇ ಮಾಡಿದೆವು. ಅಳೆಯುವುದು, ಬರೆಯುವುದು, ಕೊಡುವುದು, ಮತ್ತೆ ಅಳೆಯುವುದು. ಈ ಕೆಲಸದಲ್ಲಿ ದಣಿವು ಬರುವುದು ಓಡಾಟದಿಂದಲ್ಲ. ಒಂದೇ ಪ್ರಶ್ನೆಯನ್ನು ಒಂದೇ ದನಿಯಲ್ಲಿ, ಮೊದಲ ಸಲ ಕೇಳುತ್ತಿರುವಂತೆ ಕೇಳುತ್ತ ಹೋಗಬೇಕಲ್ಲ, ಅದರಿಂದ.

ಮರುದಿನ ಬೆಳಿಗ್ಗೆ ನಡುಕ ಇಳಿದಿತ್ತು, ನಾಡಿ ಹದಕ್ಕೆ ಬಂದಿತ್ತು. ಅಂಕ ಅರ್ಧಕ್ಕಿಂತ ಕೆಳಗೆ. ದಾಟಿದೆವು ಎಂದುಕೊಂಡು ಚಹಾ ತರಿಸಿದೆ.

ಚಹಾ ಬರುವ ಹೊತ್ತಿಗೆ ಅವರು ಎದ್ದು ಬಚ್ಚಲಿಗೆ ಹೊರಟಿದ್ದರು. ಕಾಲುಗಳನ್ನು ಅಗಲಕ್ಕೆ ಇಡುತ್ತ, ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಕೈ ಹಾಕುತ್ತ ಹೋಗುತ್ತಿದ್ದರು; ಮೈ ಎಡಕ್ಕೂ ಬಲಕ್ಕೂ ವಾಲುತ್ತಿತ್ತು. ಪ್ರತಿ ಹೆಜ್ಜೆಗೂ ತಲೆ ಬಗ್ಗಿಸಿ ತಮ್ಮ ಪಾದವನ್ನೇ ನೋಡುತ್ತಿದ್ದರು, ಅದು ಬೇರೆ ಯಾರದೋ ಎನ್ನುವಂತೆ.

“ಇವ್ರಿಗೆ ಎಲ್ಲಿಂದ ಬಂತು?” ಸಿಸ್ಟರ್ ನನ್ನ ಪಕ್ಕದಲ್ಲಿ ಮೆಲ್ಲಗೆ ಅಂದರು. ಇಪ್ಪತ್ತು ವರ್ಷದಿಂದ ಆ ವಾರ್ಡಿನಲ್ಲಿರುವವರು. ಅವರು ಕೇಳಿದ್ದು ಮದ್ಯದ ಬಗ್ಗೆ.

ಅದೇ ಗಳಿಗೆಗೆ ಅಣ್ಣ ಒಳಗೆ ಬಂದರು. ತಮ್ಮನನ್ನು ನೋಡಿದರು, ಗಂಜಿಯ ಫ್ಲಾಸ್ಕ್ ಹಿಡಿದು ಕೂತಿದ್ದ ತಮ್ಮನ ಹೆಂಡತಿಯನ್ನು ನೋಡಿದರು. “ನೀ ತಂದ್ಕೊಟ್ಟದ್ದಾ?”

“ನಾ ಎಂತಕೆ ತರ್ಲಿ ಭಾವಾ?”

“ಅವ ಅತ್ತದ್ದು ಕಂಡು ನೀ ಕರಗಿರ್ತೆ. ಹಿಂದೆಯೂ ಹೀಂಗೇ ಮಾಡಿದ್ದೆ.”

ಸಿಸ್ಟರ್ ಆಕೆಯ ಚೀಲ ಕೇಳಿದರು. ನಿಯಮದ ಪ್ರಕಾರ ಅದು ಅವರ ಕೆಲಸ. ಆಕೆ ಚೀಲವನ್ನು ತಾವೇ ಮಂಚದ ಮೇಲೆ ಸುರಿದರು. ಒಂದು ಸೀರೆ, ಬಾಚಣಿಗೆ, ಒಣಮೀನಿನ ಚಟ್ನಿಯ ಡಬ್ಬಿ, ಕೊಡೆ. ಫ್ಲಾಸ್ಕಿನ ಮುಚ್ಚಳ ತೆಗೆದು ಸಿಸ್ಟರ ಮೂಗಿನ ಹತ್ತಿರ ಹಿಡಿದರು. “ಮೂಸಿ ಕಾಣಿ. ಗಂಜಿ.”

ಪಕ್ಕದ ಮಂಚದಲ್ಲಿ ಹೊನ್ನಾವರದ ರಿಕ್ಷಾ ಚಾಲಕರೊಬ್ಬರಿದ್ದರು. ಅವರದೂ ಅದೇ ಚಿಕಿತ್ಸೆ, ಅದೇ ವಾರ. ಗೋಡೆ ಕಡೆ ತಿರುಗಿದ್ದವರು ತಿರುಗದೆಯೇ ಅಂದರು, “ಸಿಸ್ಟರೇ, ಈ ಮನುಷ್ಯನ ಹತ್ರ ಹನಿ ಇದ್ದಿದ್ರೂ ನಂಗೆ ವಾಸನೆ ಬರ್ತಿತ್ತು. ನಾ ಅದೊಂದಕ್ಕೇ ಎಚ್ಚರ ಇರೂದು.”

ಹೆಂಡತಿ ಸಾಮಾನನ್ನು ಮತ್ತೆ ಚೀಲಕ್ಕೆ ತುಂಬುತ್ತ, ಯಾರಿಗೂ ಅಲ್ಲವೆಂಬಂತೆ ಅಂದರು: “ಬೋಟಿನವ್ರು ನಡೆಯೂದೇ ಹೀಂಗೆ. ಕಾಲು ಅಗ್ಲ ಇಡ್ದೆ ಅಲ್ಲಿ ನಿಲ್ಲೂಕಾಗ್ತದಾ? ಅದು ಬೋಟಿನ ನಡಿಗೆ.” ಆಮೇಲೆ ಹೋಗಿ ವರಾಂಡದ ಬೆಂಚಿನ ಮೇಲೆ ಕೂತರು.

ಮನೋವೈದ್ಯರಿಗೆ ಫೋನು ಮಾಡಿದೆ. ಅವರು ಸಮಾಧಾನದ ಮನುಷ್ಯರು. ಮೂರರಲ್ಲಿ ಒಂದಿರಬೇಕು ಅಂದರು. ಕುಡಿದಿರಬಹುದು. ನಮ್ಮ ಮಾತ್ರೆ ಹೆಚ್ಚಾಗಿರಬಹುದು. ಅದಕ್ಕೂ ನಡಿಗೆ ತಪ್ಪುತ್ತದೆ. ಅಥವಾ ಥಯಾಮಿನ್ ಕೊರತೆಯಿಂದ ಮಿದುಳಿಗೆ ಪೆಟ್ಟಾಗುವ ವರ್ನಿಕೆ ಎಂಬ ಸ್ಥಿತಿ. ಆದರೆ ಥಯಾಮಿನ್ ನಾವು ಮೊದಲ ದಿನದಿಂದಲೇ ಕೊಡುತ್ತಿದ್ದೇವಲ್ಲ. “ಕುಡಿದದ್ದು ಖಾತ್ರಿಯಾದರೆ ನಿಯಮದಂತೆ ಮಾಡಿ. ಇಲ್ಲದಿದ್ದರೆ ಮಾತ್ರೆ ಇಳಿಸಿ ಸಂಜೆಯವರೆಗೆ ನೋಡಿ. ನಾನು ನಾಳಿದ್ದು ಬರುತ್ತೇನೆ. ನೀವು ಎದುರಿಗಿದ್ದೀರಿ, ನೀವು ನೋಡಿ ಹೇಳಿ.”

ರಕ್ತದಲ್ಲಿ ಮದ್ಯ ಎಷ್ಟಿದೆಯೆಂದು ಅಳೆಯುವ ಸೌಕರ್ಯ ನಮ್ಮಲ್ಲಿ ಇರಲಿಲ್ಲ. ಥಯಾಮಿನ್ ಅಳೆಯುವುದಂತೂ ದೂರದ ಮಾತು. ಇದ್ದದ್ದು ಒಂದು ಟಾರ್ಚು, ಮಂಡಿ ತಟ್ಟಿ ನೋಡುವ ಒಂದು ಸುತ್ತಿಗೆ, ನನ್ನ ಬೆರಳು.

ತಾಂಡೇಲರನ್ನು ಮಂಚದ ಅಂಚಿನಲ್ಲಿ ಕೂರಿಸಿದೆ. ಕೂತಲ್ಲಿಯೂ ಮೈ ತೂಗುತ್ತಿತ್ತು. ನಿದ್ದೆಗಣ್ಣಿರಲಿಲ್ಲ, ಮಾತ್ರೆ ಹೆಚ್ಚಾಗಿದ್ದರೆ ಮಾತು ತೊದಲಿ ರೆಪ್ಪೆ ಮುಚ್ಚಬೇಕಿತ್ತು. ಬಾಯಿಯಿಂದ ವಾಸನೆ ಇರಲಿಲ್ಲ.

“ತಂಗೀ, ಬೋಟು ಇಳೀತಾ?” ಅಂದರು.

“ಇನ್ನೂ ರಜೆ ಮುಗಿದಿಲ್ಲ. ನನ್ನ ಬೆರಳು ನೋಡಿ. ತಲೆ ತಿರುಗಿಸಬೇಡಿ.”

ಬೆರಳನ್ನು ಬಲಕ್ಕೆ ಒಯ್ದೆ. ಕಣ್ಣುಗಳು ಹಿಂದೆ ಬಂದವು, ಕೊನೆಯವರೆಗೆ ಹೋಗದೆ ನಡುವೆ ನಿಂತು ಅಲ್ಲಿಯೇ ಪಟಪಟ ಹೊಡೆದುಕೊಂಡವು. ಎಡಕ್ಕೂ ಹಾಗೆಯೇ. ಮತ್ತೊಮ್ಮೆ ಮಾಡಿದೆ. ಅಷ್ಟರಲ್ಲಿ ಅವರು, “ತಂಗೀ, ಬೋಟು ಇಳೀತಾ?” ಎಂದು ಪುನಃ ಕೇಳಿದರು.

ಕಣ್ಣು ಹೊಡೆದುಕೊಳ್ಳುವುದು ಮಾತ್ರೆಯಿಂದಲೂ ಆಗುತ್ತದೆ. ಆದರೆ ಕೊನೆಯವರೆಗೆ ಹೋಗದಿರುವುದು ನನಗೆ ಸರಿ ಕಾಣಲಿಲ್ಲ. ಹೆಂಡತಿ ಹೇಳಿದ ಮಾತೂ ತಲೆಯಲ್ಲಿತ್ತು. ಬೋಟಿನವರ ನಡಿಗೆ ನನಗೂ ಗೊತ್ತು. ಅಘನಾಶಿನಿ ಹೊಳೆಯಲ್ಲಿ ದೋಣಿಯಿಂದಿಳಿದು ದಿನ್ನೆ ಹತ್ತುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವರು ಕಾಲನ್ನು ಅಗಲ ಇಡುತ್ತಾರೆ, ಆದರೆ ಇಟ್ಟ ಕಾಲು ಇಡಬೇಕೆಂದ ಕಡೆಯೇ ಬೀಳುತ್ತದೆ. ಯಾರೂ ಪಾದ ನೋಡಿಕೊಂಡು ನಡೆಯುವುದಿಲ್ಲ.

ವರಾಂಡಕ್ಕೆ ಹೋಗಿ ಹೆಂಡತಿಯ ಪಕ್ಕ ಕೂತೆ. ಚೀಲ ತಪಾಸಣೆಯ ಮಾತೆತ್ತದೆ, ಮನೆಯಲ್ಲಿ ಕಳೆದ ವಾರ ಹೇಗೆ ನಡೆಯುತ್ತಿದ್ದರು ಎಂದು ಕೇಳಿದೆ.

“ಕುಡಿದಾಗ ವಾಲ್ತಿದ್ರು. ಕುಡೀದೆ ಇದ್ದಾಗ ಸಮಾ ಇದ್ರು. ಇಲ್ಲಿಗೆ ಬಪ್ಪ ಹಿಂದಿನ ಎರಡು ದಿನ ಮಾತ್ರ...” ಆಕೆ ನಿಲ್ಲಿಸಿದರು. “ಬಾಟ್ಲಿ ಹಾಕ್ಸಿಕೊಂಡು ಬಂದ ಮೇಲೆ ಎದ್ದು ಕೂತ್ರು, ಆದ್ರೆ ಕಾಲು ಮಾತ್ರ ಹೀಂಗೆ.”

“ಯಾವ ಬಾಟ್ಲಿ?”

“ಗ್ಲೂಕೋಸಿಂದು. ದಾರಿ ಬದೀಲಿ ಒಂದು ಕ್ಲಿನಿಕ್ ಉಂಟಲ್ಲ. ಎರಡು ದಿನವೂ ಭಾವ ಕರ್ಕೊಂಡು ಹೋಗಿ ಹಾಕ್ಸಿದ್ರು.”

“ಔಷಧ ಏನೂ ಮಾಡಿಲ್ಲ ಅಂದಿದ್ದಿರಿ.”

ಆಕೆ ನನ್ನನ್ನು ನಿಜವಾದ ಅಚ್ಚರಿಯಿಂದ ನೋಡಿದರು. “ಅದು ಔಷಧ ಅಲ್ಲಲ್ಲ ಡಾಕ್ಟ್ರೇ. ಬರೇ ಬಾಟ್ಲಿ.”

ನಮ್ಮ ಕಡೆ ಜ್ವರ ಬಿಟ್ಟ ಮೇಲೆ, ಪ್ರವಾಸದಿಂದ ಬಂದ ಮೇಲೆ, ಬರೀ ಬೇಸರಕ್ಕೂ ಜನ ಹೋಗಿ ಒಂದು ಬಾಟ್ಲಿ ಹಾಕಿಸಿಕೊಳ್ಳುತ್ತಾರೆ. ಅದನ್ನು ಯಾರೂ ಚಿಕಿತ್ಸೆಯೆಂದು ಎಣಿಸುವುದಿಲ್ಲ, ಎಳನೀರು ಕುಡಿದದ್ದನ್ನು ಎಣಿಸುತ್ತಾರೆಯೇ? ಆದರೆ ಸಕ್ಕರೆಯನ್ನು ಅರಗಿಸಲು ಮಿದುಳಿಗೆ ಥಯಾಮಿನ್ ಬೇಕು. ವಾರಗಟ್ಟಲೆ ಉಣ್ಣದ ಮೈಗೆ ಬಾಟಲಿಗಟ್ಟಲೆ ಸಕ್ಕರೆ ನೀರು ಹೋದರೆ, ತಳದಲ್ಲಿ ಉಳಿದ ಚೂರು ಥಯಾಮಿನ್ ಕೂಡ ಖರ್ಚಾಗಿಬಿಡುತ್ತದೆ. ನಾವು ದಿನಕ್ಕೊಂದು ಇಂಜೆಕ್ಷನ್ ಕೊಟ್ಟದ್ದು ಬರಿದಾದ ಬಾವಿಗೆ ಚೊಂಬಿನಲ್ಲಿ ನೀರು ಹೊಯ್ದಂತೆ ಆಗಿತ್ತು.

ಇಷ್ಟಾದರೂ ಇದು ಊಹೆಯೇ. ಆದರೆ ಕಾಯುವುದರಲ್ಲಿ ಅರ್ಥವಿಲ್ಲವೆಂದು ತೀರ್ಮಾನಿಸಿದೆ. ದೊಡ್ಡ ಪ್ರಮಾಣದ ಥಯಾಮಿನ್ ಅನ್ನು ಸಲೈನಿನಲ್ಲಿ ಬೆರೆಸಿ ದಿನಕ್ಕೆ ಮೂರು ಸಲ ರಕ್ತನಾಳಕ್ಕೆ ಕೊಡುವುದು, ಜೊತೆಗೆ ಮೆಗ್ನೀಸಿಯಂ. ಲೊರಾಜೆಪಾಮ್ ಒಮ್ಮೆಲೇ ಇಳಿಸುವುದಿಲ್ಲ, ಈ ಸ್ಥಿತಿಯಲ್ಲಿ ಫಿಟ್ಸ್ ಬಂದರೆ ಕಷ್ಟ. ಮನೆಗೆ ಕಳಿಸುವುದಿಲ್ಲ. ಮನೋವೈದ್ಯರಿಗೆ ಹೇಳಿದೆ. “ಬಾಟ್ಲಿಯ ವಿಷಯ ನನಗೂ ಹೊಳೆಯಲಿಲ್ಲ. ಶುರು ಮಾಡಿ” ಅಂದರು.

ಮುಂದುವರಿಸಲು ಮದ್ದಿರಲಿಲ್ಲ. ನಮ್ಮಲ್ಲಿದ್ದ ಥಯಾಮಿನ್ ಆಂಪೂಲುಗಳು ಒಂದು ಸಲಕ್ಕೆ ಸಾಕಾಗುವಷ್ಟು; ಅವನ್ನು ಕೂಡಲೇ ಏರಿಸಿದೆವು. ಹೊನ್ನಾವರದ ಅಂಗಡಿಗಳಲ್ಲಿ ಎಲ್ಲ ಬಿ-ವಿಟಮಿನ್ನೂ ಬೆರೆಸಿದ್ದು ಸಿಗುತ್ತಿತ್ತು, ಅದರಲ್ಲಿ ಬೇಕಾದದ್ದು ಕಡಿಮೆ. ಕುಮಟಾದ ಸಗಟು ಅಂಗಡಿಯವರು ಇದೆ ಅಂದರು. ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟು ಕಳಿಸುತ್ತೇವೆಂದರು. ಅಷ್ಟರಲ್ಲಿ ದಾರಿಯಲ್ಲಿ ಗುಡ್ಡದ ಮಣ್ಣು ರಸ್ತೆಗೆ ಬಂದು ಬಸ್ಸುಗಳು ಸಾಲುಗಟ್ಟಿ ನಿಂತಿವೆಯೆಂದು ಸುದ್ದಿ ಬಂತು.

ಆಗಲೇ ಅಣ್ಣ ನನ್ನ ಕೋಣೆಯ ಬಾಗಿಲಿಗೆ ಬಂದರು. “ಕರ್ಕೊಂಡು ಹೋಗ್ತೆ ಡಾಕ್ಟ್ರೇ. ಆಸ್ಪತ್ರೆಯಲ್ಲೂ ಕುಡ್ದ ಅಂತ ಊರಿಗೆ ಗೊತ್ತಾಗೂದು ಬೇಡ.”

“ಈಗ ಕರೆದುಕೊಂಡು ಹೋದರೆ ಈ ನಡಿಗೆಯೇ ಉಳಿದುಬಿಡಬಹುದು. ನೆನಪೂ ಹೋಗಬಹುದು.”

“ಕುಡೀಲಿಲ್ಲ ಅಂತ ನೀವು ಹ್ಯಾಂಗೆ ಹೇಳ್ತ್ರಿ?”

“ಖಾತ್ರಿಯಾಗಿ ಹೇಳಲಾರೆ. ಕುಡಿದಿದ್ದರೂ ಈ ಮದ್ದಿನಿಂದ ಕೇಡಿಲ್ಲ. ಕುಡಿಯದೆ ಇದ್ದು, ಮದ್ದು ಕೊಡದೆ ಹೋದರೆ ಕೇಡಿದೆ.” ಗ್ಲೂಕೋಸಿನ ವಿಷಯವನ್ನೂ ಹೇಳಿದೆ. ಆದಷ್ಟು ಮೆತ್ತಗೆ ಹೇಳಿದೆನೆಂದು ನೆನಪು.

ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. “ಒಳ್ಳೇದಕ್ಕೇ ಹಾಕ್ಸಿದ್ದು” ಅಂದರು.

“ಗೊತ್ತು.”

“ಕುಮಟಾ ಬಸ್ಸು ಎಷ್ಟೊತ್ತಿಗೆ?”

ಮಳೆಯಲ್ಲಿ ಬಸ್‌ನಿಲ್ದಾಣದಲ್ಲಿ ನಿಂತು, ಬಂದ ಒಂದೊಂದು ಬಸ್ಸಿನ ಕಂಡಕ್ಟರನ್ನೂ ವಿಚಾರಿಸಿ, ಸಂಜೆಗೆ ಪೊಟ್ಟಣವನ್ನು ಅಂಗಿಯೊಳಗಿಟ್ಟುಕೊಂಡು ಬಂದವರು ಅವರೇ. ಹಲಗೆ ದಾಟುವಾಗ ಅದನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದಿದ್ದರು. ನಾನು ಅವತ್ತು ಊರಿಗೆ ಹೋಗಲಿಲ್ಲ. ಸಿಸ್ಟರ್ ಎರಡನೆಯ ಸಲದ ಸಲೈನಿನ ಬಾಟಲಿ ತೂಗುಹಾಕುವಾಗ ಹೆಂಡತಿ ಒಳಗೆ ಬಂದು ನೋಡಿದರು.

“ಇದೂ ಬಾಟ್ಲಿಯೇ ಅಲ್ದಾ?”

“ಇದು ಉಪ್ಪಿಂದು” ಅಂದರು ಸಿಸ್ಟರ್. ಆಮೇಲೆ ದನಿ ತಗ್ಗಿಸಿ, “ಗಂಜಿ ಉಳ್ದಿದ್ರೆ ಅವ್ರಿಗೆ ಕುಡಿಸು ಮಾರಾಯ್ತಿ. ಚಟ್ನಿ ಒಳ್ಳೇ ಪರಿಮಳ ಇತ್ತು.” ಕ್ಷಮೆ ಕೇಳುವ ಅವರ ರೀತಿ ಅದು. ಸ್ವಲ್ಪ ಹೊತ್ತಿನ ಮೇಲೆ ಆಕೆ ಚಟ್ನಿಯ ಡಬ್ಬಿಯನ್ನು ಸಿಸ್ಟರ ಮೇಜಿನ ಮೇಲೆ ತಂದಿಟ್ಟರು.

ಮರುದಿನ ಬೆಳಿಗ್ಗೆ ಬೆರಳನ್ನು ಬಲಕ್ಕೆ ಒಯ್ದಾಗ ಕಣ್ಣುಗಳು ಹಿಂದಿನ ದಿನಕ್ಕಿಂತ ಮುಂದೆ ಹೋದವು. ಮತ್ತೊಂದು ದಿನಕ್ಕೆ ಕೊನೆ ಮುಟ್ಟಿದವು. ಆಗ ಊಹೆ ಸರಿಯೆಂದು ಗೊತ್ತಾಯಿತು. ಮನೋವೈದ್ಯರು ಬಂದು ಎಲ್ಲವನ್ನೂ ಮತ್ತೆ ಪರೀಕ್ಷಿಸಿ, “ಕಣ್ಣು ಬೇಗ ಬರುತ್ತದೆ. ಕಾಲು ನಿಧಾನ. ಕೆಲವರಿಗೆ ಪೂರ್ತಿ ಬರುವುದಿಲ್ಲ” ಅಂದರು. ಅದನ್ನು ಮನೆಯವರಿಗೆ ತಿಳಿಸುವುದು ನನ್ನ ಪಾಲಿಗೆ ಬಂತು.

ಹಾಗೆಯೇ ಆಯಿತು. ಲೊರಾಜೆಪಾಮ್ ಇಳಿಸುತ್ತ ಬಂದು ನಿಲ್ಲಿಸಿದೆವು. ಊಟ ಸೇರತೊಡಗಿತು. ನಡಿಗೆ ಮಾತ್ರ ಅಗಲವಾಗಿಯೇ ಉಳಿಯಿತು. ಸೇರಿದ ಮೊದಲ ದಿನಗಳು ತಾಂಡೇಲರ ನೆನಪಿನಿಂದ ಪೂರ್ತಿ ಅಳಿಸಿಹೋಗಿದ್ದವು. ದಿನವೂ ಬೋಟಿನ ಪ್ರಶ್ನೆ ಕೇಳುತ್ತಿದ್ದರು. ಹೆಂಡತಿ ಮೊದಮೊದಲು ತಾಳ್ಮೆಯಿಂದ ಹೇಳುತ್ತಿದ್ದವರು ಕಡೆಗೆ, “ಇಳೀತು. ನಿಮ್ಮನ್ನ ಕೂಗಿ ಕೂಗಿ ಸಾಕಾಗಿ ಹೋದ್ರು” ಎನ್ನತೊಡಗಿದರು. ರಿಕ್ಷಾ ಚಾಲಕರು ಬಿಡುಗಡೆಯಾಗಿ ಹೋಗುವಾಗ, “ತಾಂಡೇಲ್ರೇ, ಮೂರು ಗಾಲಿ ಬೇಕಾದ್ರೆ ಹೇಳಿ, ಬೀಳೂ ಹೆದರಿಕೆ ಇಲ್ಲ” ಅಂದರು. ತಾಂಡೇಲರು ಆಗ ಮೊದಲ ಸಲ ನಕ್ಕರು. ಆ ಮೇಲೆ ಬೋಟಿನ ಪ್ರಶ್ನೆಯೂ ಕಡಿಮೆಯಾಯಿತು. ದಿನಗಳು ಅವರ ತಲೆಯಲ್ಲಿ ನಿಲ್ಲತೊಡಗಿದ್ದವು.

ರಜೆ ಮುಗಿಯುವ ಮುನ್ನ ತೋರಿಸಲು ಬಂದರು. ನೆಲದ ಟೈಲ್ಸಿನ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿದೆ. ನಾಲ್ಕು ಹೆಜ್ಜೆಗೆ ಗೋಡೆ ಹಿಡಿದರು. ಬೋಟಿಗೆ ಹೋಗಬಾರದೆಂದು ಹೇಳಬೇಕಾಯಿತು. ಅಣ್ಣ ಬಾಗಿಲಾಚೆ ನೋಡುತ್ತಿದ್ದರು. ಅಂಥ ಮಾತನ್ನು ಹೇಳಿದ ಮೇಲೆ ಮುಂದಿನ ರೋಗಿಯ ಹೆಸರು ಕರೆಯುವ ಮೊದಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಆ ಹೊತ್ತು ಸಿಗುವುದಿಲ್ಲ. ಬೋಟು ಬೇರೆ ತಾಂಡೇಲರೊಂದಿಗೆ ಇಳಿಯಿತು. ಮಾಲೀಕರು ಇವರನ್ನು ದಡದಲ್ಲಿ ಬಲೆ ಕಟ್ಟುವ ಕೆಲಸಕ್ಕೆ ಇಟ್ಟುಕೊಂಡರೆಂದು ಆಮೇಲೆ ಕೇಳಿದೆ.

ಅಂದಿನಿಂದ ಯಾರೇ ದಾಖಲಾಗಲಿ, ಚಿಕಿತ್ಸೆ ಆಗಿದೆಯೇ ಎಂದು ಕೇಳಿದ ಮೇಲೆ, ‘ಬಾಟ್ಲಿ ಹಾಕ್ಸಿದ್ರಾ?’ ಎಂದು ಬೇರೆಯಾಗಿ ಕೇಳುತ್ತೇವೆ. ಹೆಚ್ಚಿನವರು ಹೌದೆನ್ನುತ್ತಾರೆ.

ಚೌತಿ ಕಳೆದ ಮೇಲೆ ತಾಂಡೇಲರು ಮತ್ತೆ ಬಂದರು, ಹೆಂಡತಿಯೊಡನೆ. ಮೈ ತುಂಬಿಕೊಂಡಿತ್ತು. ಗೆರೆಯ ಮೇಲೆ ನಡೆಸಿದೆ. ಕೋಣೆಯ ಅರ್ಧದವರೆಗೆ ಹೋಗಿ ಒಮ್ಮೆ ಆಚೆ ಕಾಲಿಟ್ಟು, ಮತ್ತೆ ಗೆರೆಗೆ ಬಂದರು. ಗೋಡೆ ಹಿಡಿಯಲಿಲ್ಲ. ಆದರೂ ನಾನು ಪೆನ್ನು ಹಿಡಿದು ಯೋಚಿಸುತ್ತ ಕೂತೆ.

“ತಂಗೀ” ಅಂದರು, “ಗೆರೆ ಮೇಲೆ ನಡೆಯೂ ಕೆಲಸ ಬೋಟಿನಲ್ಲಿ ಇಲ್ಲ.”

“ಕುಡಿತ?” ಎಂದು ಕೇಳಿದೆ.

ಅವರು ಹೆಂಡತಿಯ ಕಡೆ ನೋಡಿದರು. “ಇವತ್ತಿನವರೆಗೆ ಇಲ್ಲ” ಅಂದರು ಆಕೆ. “ನಾಳಿಂದು ನಾಳೆ ಹೇಳ್ತೆ.”

ಇನ್ನೊಂದು ತಿಂಗಳು ನೋಡೋಣ ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು. ನಾನು ಕಿಟಕಿಯ ಹತ್ತಿರ ನಿಂತೆ. ಮಳೆ ಕಡಿಮೆಯಾಗಿತ್ತು, ಚರಂಡಿ ಹಾಗೆಯೇ ಇತ್ತು, ಹಲಗೆಯೂ. ತಾಂಡೇಲರು ಹಲಗೆಯ ನಡುವೆ ಬಂದು ನಿಂತರು. ಹಿಂದಿದ್ದ ಹೆಂಡತಿ ಕೈ ಕೊಡಲಿಲ್ಲ. ಬದಲಿಗೆ ಹಲಗೆಯ ಮೇಲೆ ಒಂದು ಕಾಲಿಟ್ಟು ಮೆಲ್ಲಗೆ ಅದುಮಿದರು, ಬಿಟ್ಟರು, ಮತ್ತೆ ಅದುಮಿದರು. ಹಲಗೆ ಏರಿತು, ಇಳಿಯಿತು.

“ಕಾಣಿ ಡಾಕ್ಟ್ರೇ” ಎಂದು ಆಕೆ ಕಿಟಕಿಯತ್ತ ಕೂಗಿದರು.

“ಹಲಗೆ ಮುರ್ದ್ರೆ ಯಾರು ತಂದು ಹಾಕೂದು?” ಒಳಗಿನಿಂದ ಸಿಸ್ಟರ್.

ತಾಂಡೇಲರ ಮಂಡಿ ಸ್ವಲ್ಪ ಬಾಗಿತು. ಹಲಗೆ ಎಡಕ್ಕೆ ವಾಲಿದಾಗ ಎಡಗಾಲು ತಾನಾಗಿ ಅಲ್ಲಿಗೆ ಭಾರ ಕೊಟ್ಟಿತು, ಬಲಕ್ಕೆ ವಾಲಿದಾಗ ಬಲಗಾಲು. ಅವರು ಕೈ ಚಾಚಲಿಲ್ಲ. ನನ್ನ ಕಡೆ ನೋಡಲಿಲ್ಲ. ರಸ್ತೆಯಾಚೆ ಎಲ್ಲೋ ದೂರಕ್ಕೆ ನೋಡುತ್ತಿದ್ದರು. ಅಷ್ಟು ಹೊತ್ತು ನಿಂತಿದ್ದರೂ ಒಮ್ಮೆಯೂ ಪಾದದ ಕಡೆ ನೋಡಲಿಲ್ಲ.